ನೀರು ನಿಲ್ಲದ ಮೈದಾನ

ಆಗಸ್ಟ್ 11, ಸೋಮವಾರ

ಹುಲ್ಲು ಇಪ್ಪತ್ತೆಂಟು ಮಿಲಿಮೀಟರ್. ಉತ್ತರದ ಗೋಲಿನ ಮುಂದೆ ಬೋಳು ಬಿದ್ದಿದ್ದ ಜಾಗಕ್ಕೆ ಬೀಜ ಹಾಕಿ, ಮೇಲೆ ಮರಳು ಎಳೆದೆ. ಮೆಷಿನ್ನಿನ ಬ್ಲೇಡು ಮೊಂಡು. ಸಾಣೆಗೆ ಕಳಿಸಬೇಕು — ಹೋದ ತಿಂಗಳೂ ಇದನ್ನೇ ಬರೆದಿದ್ದೆ.

ಹೊಸ ಸ್ಟ್ರೈಕರ್ ಬಂದ. ಜೊತೆಗೆ ಕ್ಲಬ್ಬಿನ ಅಧ್ಯಕ್ಷರು, ಹಿಂದೆ ಏಳೆಂಟು ಕ್ಯಾಮೆರಾ. ಎಲ್ಲರೂ ನೇರ ಹೊಸ ಬೀಜದ ಕಡೆಗೇ! ಸೀಟಿ ಊದಿದೆ. ಅಧ್ಯಕ್ಷರು ನಕ್ಕು, "ಈ ಮೈದಾನ ನೋಡ್ಕೊಳ್ಳೋರು ಇವರೇ. ನಾನೂ ಹೆದರ್ತೀನಪ್ಪ ಇವರಿಗೆ" ಅಂದರು. ಹೊಸಬ ಮಾತ್ರ ತಕ್ಷಣ ಗೆರೆಯ ಆಚೆ ಸರಿದು, "ಸಾರಿ ಅಕ್ಕ" ಅಂದ.

ನಮ್ಮ ಯಜಮಾನರು ಜರ್ಸಿ ಕೋಣೆಯಿಂದ ಓಡಿಬಂದು ಅವನ ಕೈಗೆ ಒಂಬತ್ತನೇ ನಂಬರಿನ ಜರ್ಸಿ ಕೊಟ್ಟರು. ಇಸ್ತ್ರಿ ಬೇರೆ ಮಾಡಿದ್ದರು. ಅವರ ಮುಖದಲ್ಲಿದ್ದ ಕಳೆ ನಮ್ಮ ಮದುವೆಯ ದಿನವೂ ಇರಲಿಲ್ಲ. ಅವನಿಗೆ ಕೊಟ್ಟ ಬೆಲೆ ಕೇಳಿ ನನಗೆ ತಲೆ ಸುತ್ತಿತು. ಕೋಟಿಕಾಲು ಎಂದು ಹೆಸರಿಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾವು ಕಾಲು ಮೊದಲು ಕೊಂಡಿದ್ದೇವೆ, ಹಾಸಿಗೆ ಆಮೇಲೆ. ಇವರು ಬಿದ್ದು ಬಿದ್ದು ನಕ್ಕರು.

ಆಗಸ್ಟ್ 29, ಶುಕ್ರವಾರ

ಇಪ್ಪತ್ತಾರು ಮಿಲಿಮೀಟರ್. ಹೊಸ ದೀಪದ ಕಂಬ ನಿಲ್ಲಿಸುವವರು ಲಾರಿಯನ್ನು ಮೂಲೆಯ ಹುಲ್ಲಿನ ಮೇಲೇ ಹತ್ತಿಸಿದರು. ಎರಡು ಗಾಲಿಯ ಗುರುತು, ಗೇಣುದ್ದ ಆಳ. ಸಂಜೆಯವರೆಗೆ ಅದನ್ನೇ ಎತ್ತಿ ಕೂರಿಸಿದೆ.

ಕಂಬ ನಾಲ್ಕು. ಹೊಸ ಬಸ್ಸು. ತಂಡ ಹೊರಗೆ ಹೋದರೆ ದೊಡ್ಡ ಹೋಟೆಲ್ಲೇ ಆಗಬೇಕು. ಮೀಟಿಂಗಿನಲ್ಲಿ ಅಧ್ಯಕ್ಷರು ಹೇಳಿದರು — ಈ ವರ್ಷ ಮೇಲಿನ ದರ್ಜೆಗೆ ಹೋಗುತ್ತೇವೆ, ಟಿವಿಯ ದುಡ್ಡು ಬರುತ್ತದೆ, ಅದರಲ್ಲಿ ಎಲ್ಲ ತೀರುತ್ತದೆ. ಲೆಕ್ಕದವರು ಮೆಲ್ಲಗೆ ಕೇಳಿದರಂತೆ: "ಹೋಗ್ದೇ ಇದ್ರೆ ಸಾರ್?" ಮುಂದಿನ ಮೀಟಿಂಗಿಗೆ ಅವರನ್ನು ಕರೆಯಲೇ ಇಲ್ಲ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಇವರಿಗೆ ಹೇಳಿದೆ. "ನಿನ್ ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ?" ಅಂದರು.

ನವೆಂಬರ್ 3, ಸೋಮವಾರ

ಹನ್ನೊಂದನೇ ಸ್ಥಾನ. ಕೋಟಿಕಾಲು ಒಂಬತ್ತು ಗೋಲು ಹೊಡೆದಿದ್ದಾನೆ, ನಮ್ಮವರು ಹಿಂದೆ ಇಪ್ಪತ್ತು ಬಿಟ್ಟುಕೊಟ್ಟಿದ್ದಾರೆ. ಅವನೊಬ್ಬ ಏನು ಮಾಡಿಯಾನು?

ಗೊಬ್ಬರದ ಲಾರಿ ಗೇಟಿನ ತನಕ ಬಂದು, ಡ್ರೈವರ್ ಯಾರಿಗೋ ಫೋನ್ ಮಾಡಿ, ಹಾಗೇ ತಿರುಗಿಸಿಕೊಂಡು ಹೋದ. ಕೇಳಿದ್ದಕ್ಕೆ, "ಹಳೇ ಬಾಕಿ ಕೊಡ್ದೆ ಹೊಸದು ಇಳಿಸ್ಬೇಡ ಅಂದಿದಾರೆ ಅಕ್ಕ" ಅಂದ. ಅವನ ಮುಂದೆ ನಿಂತು ನಾಚಿಕೆಯಾಯಿತು. ಸಾಲ ಮಾಡಿದವಳು ನಾನೋ ಎಂಬಂತೆ.

ಲೆಕ್ಕದವರು ಕೆಲಸ ಬಿಟ್ಟರು. ಹೋಗುವಾಗ ನನ್ನ ಶೆಡ್ಡಿಗೆ ಬಂದು, "ನಿಮ್ಮ ಮನೆ ಕ್ಲಬ್ಬಿನ ಹೆಸರಲ್ಲೇ ಇದೆ ಅಲ್ವಾ?" ಎಂದು ಕೇಳಿದರು. ಹೌದೆಂದೆ. ತಲೆ ಆಡಿಸಿದರು. ಅಷ್ಟೇ. ಆ ತಲೆ ಆಡಿಸಿದ್ದು ಹಗಲೆಲ್ಲ ಕಣ್ಣ ಮುಂದೆ ಇದೆ.

ಜನವರಿ 20, ಮಂಗಳವಾರ

ಬರೆಯದೆ ಎಷ್ಟು ದಿನವಾಯಿತು… ಹುಲ್ಲು ಮೂವತ್ತೆರಡು. ಬ್ಲೇಡು ಹೋಯಿತು, ಕೈಮೆಷಿನ್ನಿನಲ್ಲಿ ಅರ್ಧರ್ಧ ಕತ್ತರಿಸುತ್ತಿದ್ದೇನೆ.

ಎರಡು ತಿಂಗಳಿಂದ ಸಂಬಳವಿಲ್ಲ. ಇಬ್ಬರಿಗೂ. ಇವರು ಮಾತ್ರ, "ಬರುತ್ತೆ ಬಿಡು, ಅಧ್ಯಕ್ಷರು ಮಾತು ಕೊಟ್ಟಿದಾರೆ" ಅನ್ನುತ್ತಾರೆ. ಸ್ಟ್ಯಾಂಡಿನ ಕೆಳಗೆ ಎರಡು ಕೋಣೆ, ಕಿಟಕಿ ತೆಗೆದರೆ ಪೆನಾಲ್ಟಿ ಬಾಕ್ಸ್ — ನಮ್ಮದು ಅಂತ ಇರುವುದು ಇಷ್ಟೇ, ಅದೂ ನಮ್ಮದಲ್ಲ. ನನಗೆ ಹೆದರಿಕೆಯಾಗುತ್ತಿದೆ. ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

ಫೆಬ್ರವರಿ 27, ಶುಕ್ರವಾರ

ಲಾಂಡ್ರಿಯವನೂ ಕೈ ಎತ್ತಿದ. ಇವರು ಹದಿನೆಂಟು ಜರ್ಸಿ ತಂದು ನಮ್ಮ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಗೆದರು. ಮನೆಯ ತುಂಬ ಹಗ್ಗ ಕಟ್ಟಿ ಒಣಗಿಸಿದರು. ಹತ್ತನೇ ನಂಬರಿನ ಕೆಳಗೆ ಬಗ್ಗಿ ಹೋಗಿ ಒಲೆ ಹಚ್ಚಬೇಕು.

ಗೇಟಿನಲ್ಲಿ ಜನ ಕೂಗುತ್ತಿದ್ದರು: "ಕೋಟಿಕಾಲೂ! ದುಡ್ಡು ವಾಪಸ್ ಕೊಡೋ!" ಅವನು ತಲೆ ತಗ್ಗಿಸಿಕೊಂಡು ಹೋದ. ಅವನಿಗೂ ಮೂರು ತಿಂಗಳಿಂದ ಬಂದಿಲ್ಲವಂತೆ. ನಾನಿಟ್ಟ ಹೆಸರು. ಇವರ ಬಾಯಿಂದ ಒಬ್ಬರಿಗೆ, ಅಲ್ಲಿಂದ ಊರಿಗೆಲ್ಲ. ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಮಾರ್ಚ್ 10, ಮಂಗಳವಾರ

ತಂಡದ ಕ್ಯಾಪ್ಟನ್ ಶೆಡ್ಡಿಗೆ ಬಂದ. ಬಕೆಟ್ ಮಗುಚಿ ಕೂತ. "ಅಕ್ಕ, ಶನಿವಾರ ನಾವು ಆಡಲ್ಲ. ದುಡ್ಡು ಬಂದ್ರೆ ಮಾತ್ರ. ಎಲ್ರೂ ಸೈನ್ ಮಾಡಿದೀವಿ." ಅವನ ಹೆಂಡತಿಗೆ ದಿನ ತುಂಬಿದೆ. ಏನು ಹೇಳಲಿ? ಸರಿಯಾಗಿಯೇ ಮಾಡಿದ್ದೀಯ ಅಂದೆ.

ಆದರೆ ತಂಡ ಇಳಿಯದಿದ್ದರೆ ಲೀಗಿನವರು ಲೈಸೆನ್ಸ್ ರದ್ದು ಮಾಡುತ್ತಾರೆ. ಅಧ್ಯಕ್ಷರು ಈಗ ಕ್ಲಬ್ಬನ್ನೇ ಮಾರಲು ಹೊರಟಿದ್ದಾರೆ, ಕೊಳ್ಳುವವರು ಮುಂದಿನ ಮಂಗಳವಾರ ಸಹಿ ಹಾಕಲು ಬರುತ್ತಿದ್ದಾರೆ. ಲೈಸೆನ್ಸ್ ಇಲ್ಲದ ಕ್ಲಬ್ಬನ್ನು ಯಾರು ಕೊಳ್ಳುತ್ತಾರೆ? ಶನಿವಾರ ದಾಟಬೇಕು. ದಾಟಿದರೆ ಎಲ್ಲರ ಸಂಬಳ, ನಮ್ಮ ಎರಡು ಕೋಣೆ. ದಾಟದಿದ್ದರೆ…

ಮಾರ್ಚ್ 12, ಗುರುವಾರ

ಅಧ್ಯಕ್ಷರು ಒಬ್ಬರೇ ಬಂದರು. ಗಡ್ಡ ಬಿಟ್ಟಿದ್ದಾರೆ. ಸ್ವಂತ ಮನೆಯನ್ನೂ ಅಡವಿಟ್ಟಿದ್ದಾರಂತೆ. ಬಯ್ಯಬೇಕೆಂದು ಆರು ತಿಂಗಳಿಂದ ಮಾತು ಕೂಡಿಟ್ಟಿದ್ದವಳು, ಕೂರಲು ಬಕೆಟ್ ಮಗುಚಿ ಕೊಟ್ಟೆ.

"ನೋಡಮ್ಮ, ನಾಳೆ ಸಂಜೆ ಮೈದಾನಕ್ಕೆ ನೀರು ಬಿಟ್ಬಿಡಿ. ಪೈಪ್ ಒಡೀತು ಅಂತ ನಾನು ಲೀಗಿಗೆ ಹೇಳ್ತೀನಿ. ರೆಫರಿ ಬಂದಾಗ, ಆಡೋಕಾಗಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಸಾಕು. ಪಂದ್ಯ ಮುಂದಕ್ಕೆ ಹೋಗುತ್ತೆ. ಯಾರ ತಪ್ಪೂ ಅಲ್ಲ."

"ನೀರು ನಿಂತ್ರೆ ಬೇರಿಗೆ ಉಸಿರು ಕಟ್ಟುತ್ತೆ ಸಾರ್."

"ಕ್ಲಬ್ಬೇ ಸತ್ರೆ ಹುಲ್ಲು ಯಾರಿಗಮ್ಮ?"

ಒಂದು ಮಾತಂತೆ. ಏಳು ವರ್ಷದ ಹಿಂದೆ ಒಬ್ಬ ರೆಫರಿಗೆ, ಇವತ್ತು ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ ಎಂದಿದ್ದೆ. ಅವನು ಕೇಳಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಎದುರು ತಂಡದವನ ಮೊಣಕಾಲು ಹೋಯಿತು. ಅಂದಿನಿಂದ ಯಾವ ರೆಫರಿ ಬಂದರೂ ಮೊದಲು ನನ್ನನ್ನು ಕೇಳುತ್ತಾರೆ, ಆಮೇಲೆ ಚೆಂಡು ಪುಟಿಸಿ ನೋಡುತ್ತಾರೆ. ನಾನು ಹೇಳಿದ್ದು ಎಂದೂ ಸುಳ್ಳಾಗಿಲ್ಲ. ನನ್ನ ಹತ್ತಿರ ಬೇರೆ ಆಸ್ತಿ ಏನಿದೆ?

ಬರೀ ನೀರು ಬಿಟ್ಟರೆ ಸಾಲದು ಎಂದು ಅವರಿಗೆ ಗೊತ್ತಿಲ್ಲ. ಹತ್ತೊಂಬತ್ತು ವರ್ಷದಿಂದ ಈ ನೆಲಕ್ಕೆ ತೂತು ಹೊಡೆದು, ಮರಳು ತುಂಬಿ, ನೀರು ಕುಡಿಯುವುದನ್ನು ಕಲಿಸಿದ್ದೇನೆ. ಕೆಳಗಿನ ಕೊಳವೆಗಳೆಲ್ಲ ಆಗ್ನೇಯ ಮೂಲೆಯ ಗುಂಡಿಗೆ ಬಂದು ಚರಂಡಿ ಸೇರುತ್ತವೆ. ಅಲ್ಲಿಯ ಕಬ್ಬಿಣದ ಮುಚ್ಚಳ ಇಳಿಸಿದರೆ ಮಾತ್ರ ನೀರು ನಿಲ್ಲುತ್ತದೆ. ಅದು ಗೊತ್ತಿರುವುದು ನನಗೊಬ್ಬಳಿಗೇ. ನೋಡೋಣ ಸಾರ್ ಅಂದೆ.

ಮಾರ್ಚ್ 13, ಶುಕ್ರವಾರ. ಮಧ್ಯಾಹ್ನ 1

ಊಟ ಸೇರಲಿಲ್ಲ. ಇವರಿಗೂ ವಿಷಯ ಗೊತ್ತಾಗಿದೆ.

"ಹಠ ಮಾಡ್ಬೇಡ ಕಣೇ. ಈ ಮನೆ ಬಿಟ್ರೆ ಎಲ್ಲಿಗೆ ಹೋಗೋದು?"

"ನನ್ನ ಮಾತಿಗೆ ಬೆಲೆ ಬೇಡ್ವೇನ್ರೀ?"

"ಆ ಬೆಲೆ ಹಾಕಿ ಅಡುಗೆ ಮಾಡ್ತೀಯಾ?"

ಇಪ್ಪತ್ತಾರು ವರ್ಷದಲ್ಲಿ ಹೀಗೆ ಮಾತಾಡಿದವರಲ್ಲ. ಅಂದು ಮುಗಿಸಿದ ಮೇಲೆ ಅವರ ಕಣ್ಣಲ್ಲೇ ನೀರು. ನಾನೇ ಅವರ ಬೆನ್ನು ಸವರಬೇಕಾಯಿತು.

ಸಂಜೆ 6:15

ಆರೂ ವಾಲ್ವ್ ತಿರುಗಿಸಿದೆ, ಪೂರ್ತಿ. ಎಲ್ಲ ತುಂತುರು ಒಟ್ಟಿಗೆ ಎದ್ದಾಗ ಮೈದಾನ ಚೆಂದ ಕಾಣುತ್ತದೆ, ಹಾಳಾದ್ದು. ಬೆಳಗಿನವರೆಗೂ ಹೀಗೇ ಇರಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಹಿಂದೆ ತಿರುಗಿ ನೋಡದೆ ಮನೆಗೆ ಬಂದೆ.

ಮಾರ್ಚ್ 14, ಶನಿವಾರ. ಬೆಳಿಗ್ಗೆ 5:50

ನೀರಿಲ್ಲ. ಎಲ್ಲೂ ಇಲ್ಲ! ಕಾಲಿಟ್ಟರೆ ಸ್ವಲ್ಪ ತೇವ, ಅಷ್ಟೇ. ಈ ವರ್ಷ ಇಷ್ಟು ಹಸಿರು ನೋಡಿರಲಿಲ್ಲ.

ಮೂಲೆಗೆ ಓಡಿದೆ. ಮುಚ್ಚಳ ಎತ್ತಿದ ಹಾಗೇ ಇದೆ. ಕೆಳಗೆ ಗುಳುಗುಳು ಎಂದು ನೀರು ಚರಂಡಿಗೆ ಹೋಗುತ್ತಿದೆ. ನಿನ್ನೆಯ ಪುಟ ತೆಗೆದು ಓದಿದೆ. ವಾಲ್ವ್ ಬರೆದಿದ್ದೇನೆ. ಮುಚ್ಚಳದ ಮಾತೇ ಇಲ್ಲ. ಮರೆತೆನೋ? ಮರೆಯಬೇಕೆಂದೇ ಮರೆತೆನೋ? ದೇವರಾಣೆ, ನನಗೇ ಗೊತ್ತಿಲ್ಲ.

ರೆಫರಿ ಬರುವುದು ಹನ್ನೊಂದಕ್ಕೆ. ಈಗ ಇಳಿಸಿದರೂ ಸಮಯವಿದೆ. ಮುಚ್ಚಳಕ್ಕೆ ಕೈ ಹಾಕಿ ಎಷ್ಟು ಹೊತ್ತು ಕೂತಿದ್ದೆನೋ, ಬೆರಳು ಮರಗಟ್ಟಿತು. ಆಮೇಲೆ ಎದ್ದು ಹೋಗಿ ಆರು ವಾಲ್ವನ್ನೂ ನಿಲ್ಲಿಸಿದೆ.

11:40

ರೆಫರಿ ಬಂದರು, ತಲೆ ನರೆತ ಹಳಬರು. ಅಧ್ಯಕ್ಷರು ಜೊತೆಗೆ ಬಿಸಿಲಿಗೆ ಕೊಡೆ ಹಿಡಿದು, ಗಂಬೂಟು ಹಾಕಿಕೊಂಡು ಬಂದಿದ್ದರು, ಕೆಸರಿಗೆ ತಯಾರಾಗಿ. ಮೈದಾನ ನೋಡಿ ಅವರ ಮುಖ ಬಿಳುಚಿತು.

"ಪೈಪ್ ಒಡೆದಿದೆ ಅಂದ್ರು. ಏನಮ್ಮಾ, ಆಡಬಹುದಾ?" ರೆಫರಿ ಕೇಳಿದರು.

ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಸ್ಟ್ಯಾಂಡಿನ ಕೆಳಗೆ ನಮ್ಮ ಕಿಟಕಿ. ಕಿಟಕಿಯಲ್ಲಿ ಇವರು.

"ಆಡಬಹುದು ಸಾರ್" ಅಂದೆ.

ರೆಫರಿ ಚೆಂಡು ಪುಟಿಸಿದರು. ಮೊಣಕಾಲೆತ್ತರ ಎದ್ದಿತು. ಸರಿ, ಮೂರಕ್ಕೆ ಶುರು ಎಂದು ಹೋದರು. ಅಧ್ಯಕ್ಷರು ಬಯ್ಯಲೂ ಇಲ್ಲ. ಕೊಡೆಯನ್ನು ಬೇಲಿಗೆ ಒರಗಿಸಿ, ಹೊಸ ದೀಪದ ಕಂಬದ ಬುಡದಲ್ಲಿ ಕೂತುಬಿಟ್ಟರು. ಬೈದಿದ್ದರೆ ವಾಸಿಯಿತ್ತು.

1:10

ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಜರ್ಸಿ ಕೋಣೆಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾರೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ದುಡ್ಡಿನ ಮಾತಿಲ್ಲ, ಲೈಸೆನ್ಸಿನ ಮಾತಿಲ್ಲ. "ನಿನ್ ಜರ್ಸಿ ಒಗೆದು ಮಡಿಸಿಟ್ಟಿದೀನಪ್ಪ. ತೋಳಿನ ಹೊಲಿಗೆ ಬಿಟ್ಟಿತ್ತಲ್ಲ, ಅದನ್ನೂ ಹಾಕಿದೀನಿ. ಬಾ." ಇಷ್ಟೇ. ಹದಿನೆಂಟು ಸಲ.

ನನ್ನಿಂದಾಗಿ ಈ ಮನುಷ್ಯನ ಮನೆ ಹೋಗುತ್ತದೆ. ಒಳಗೆ ಹೋಗಿ ಕ್ಷಮಿಸಿ ಅನ್ನಬೇಕೆನಿಸಿತು. ಆದರೆ ಆಡಬಹುದಾ ಎಂದು ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ. ಹಾಗಾದ ಮೇಲೆ ಯಾವ ಕ್ಷಮೆ?

2:20

ಏಳು ಜನ ಇಳಿದರೆ ಪಂದ್ಯ ನಡೆದ ಲೆಕ್ಕ. ಸೋತರೂ ಪರವಾಗಿಲ್ಲ, ಲೈಸೆನ್ಸ್ ಉಳಿಯುತ್ತದೆ.

ಕ್ಯಾಪ್ಟನ್ ಬಂದ. ನನ್ನ ಮುಖ ನೋಡಲಿಲ್ಲ. ಗೋಲ್‌ಕೀಪರ್ ಬಂದ, ಅವನ ಹಿಂದೆ ಇಡೀ ವರ್ಷ ಬೆಂಚು ಬಿಟ್ಟು ಏಳದ ಎರಡನೇ ಕೀಪರ್. ಎಡಗಡೆಯ ಬ್ಯಾಕ್. ಐದು… ಇಲ್ಲ, ಅವನು ಡ್ರೈವರ್.

ಎದುರು ತಂಡದ ಬಸ್ಸು ಬಂತು. ಅವರಲ್ಲಿ ಇಪ್ಪತ್ತು ಜನ ಇಳಿದರು. ಎಣಿಸಿದೆ, ಯಾಕೋ.

2:45

ಆರು. ಶೆಡ್ಡಿನ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ. ರೆಫರಿ ಎರಡು ಸಲ ಗಡಿಯಾರ ನೋಡಿದರು.

2:52

ಕೋಟಿಕಾಲು ಬಂದ. ಕೈಯಲ್ಲಿ ದೊಡ್ಡ ಚೀಲ. ಬೇರೆ ಕ್ಲಬ್ಬಿನವರು ಕರೆದಿದ್ದಾರೆ ಎಂದು ವಾರದಿಂದ ಮಾತಿತ್ತು. ಲಾಕರ್ ಖಾಲಿ ಮಾಡಲು ಬಂದಿದ್ದಾನೆ ಅಂದುಕೊಂಡೆ. ಗೇಟಿನಲ್ಲಿ ಯಾರೋ ಆ ಹೆಸರು ಹಿಡಿದು ಕೂಗಿದರು. ಅವನು ಜರ್ಸಿ ಕೋಣೆಗೆ ಹೋಗಲಿಲ್ಲ, ನೇರ ಇಲ್ಲಿಗೆ ಬಂದ. ಗೆರೆಯ ಆಚೆಯೇ ಬಗ್ಗಿ ಹುಲ್ಲಿಗೆ ಕೈ ಒತ್ತಿ ನೋಡಿದ.

"ಅಕ್ಕ, ಯಾವ ಬೂಟ್ ಹಾಕ್ಲಿ? ಉದ್ದ ಮೊಳೇದಾ, ಗಿಡ್ಡ ಮೊಳೇದಾ?"

"ಗಿಡ್ಡದ್ದು ಸಾಕು. ನೀರು ನಿಂತಿಲ್ಲ" ಅಂದುಬಿಟ್ಟೆ, ದಿನವೂ ಅನ್ನುವ ಹಾಗೆ. ಅಂದ ಮೇಲೆ ಹೊಳೆಯಿತು. ಆಡದವನು ಇದನ್ನು ಯಾಕೆ ಕೇಳುತ್ತಾನೆ? ಅವನು ಆಗಲೇ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಾನೆ.

ಏಳು.

ಇವರಿಗೆ ಗೊತ್ತಿಲ್ಲ, ಇನ್ನೂ ಫೋನ್ ಹಿಡಿದು ಕೂತಿದ್ದಾರೆ. ಒಂಬತ್ತನೇ ನಂಬರ್ ತೆಗೀರೀ ಎಂದು ಕೂಗಿದರೆ ಇಲ್ಲಿಂದ ಕೇಳಿಸುವುದಿಲ್ಲ, ನಾನೇ ಓಡಿ ಹೋಗಿ—