ವಿಯೆಟ್ನಾಮಿ ನನಗೆ, ನವಾಹೊ ನಿನಗೆ

ಹಗರಿಬೊಮ್ಮನಹಳ್ಳಿ
೧೮ ಆಗಸ್ಟ್ ೨೦೦೩

ಗೆಳೆಯ ಸೋಮಪ್ಪನಿಗೆ,

ಗುರುಸಂಗಪ್ಪನ ನಮಸ್ಕಾರ. ನಾವೆಲ್ಲ ಆರಾಮಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಚಿಗಟೇರಿಯಿಂದ ನೀನು ಕೊನೆಯ ಕಾಗದ ಬರೆದು ಆರು ವರ್ಷ ಆಯಿತು, ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಅಂಗಡಿ ಕೆಲಸ, ಅಣ್ಣನ ಮಕ್ಕಳ ಮದುವೆ ಎಂದು ನೆಪ ಹೇಳಬಹುದು. ಆದರೆ ಬೀಜ ಗೊಬ್ಬರ ಮಾರುವವನಿಗೆ ವರ್ಷದಲ್ಲಿ ನಾಲ್ಕು ತಿಂಗಳು ನೊಣ ಹೊಡೆಯುವುದೇ ಕೆಲಸವೆಂದು ನಿನಗೆ ಗೊತ್ತು. ಬರೆಯಲು ಧೈರ್ಯ ಸಾಲಲಿಲ್ಲ, ಅಷ್ಟೇ.

ಈಗ ಒಂದು ಕಾರಣ ಸಿಕ್ಕಿದೆ. ನಮ್ಮ ವಿಯೆಟ್ನಾಮಿ-ನವಾಹೊ ಹೋಲಿಕೆಯನ್ನು ಅಚ್ಚು ಹಾಕುತ್ತೇವೆಂದು ಒಂದು ಭಾಷಾ ಪತ್ರಿಕೆಯವರು ಬರೆದಿದ್ದಾರೆ. ನನ್ನ ಬಳಿ ಇರುವುದು ಅರ್ಧ ಮಾತ್ರ. ನವಾಹೊ ಚೀಟಿಗಳೆಲ್ಲ ನಿನ್ನ ಟ್ರಂಕಿನೊಳಗೆ ಹೋದವು. ಇಬ್ಬರ ಹೆಸರೂ ಇಲ್ಲದೆ ಅದು ಹೊರಬರಬಾರದು. ನೀನು ನನ್ನ ಜೊತೆ ಮತ್ತೆ ಕೂರುತ್ತೀಯೋ ಇಲ್ಲವೋ, ನನಗೆ ಬೇಕಾಗಿರುವುದು ಅದೊಂದು ಉತ್ತರ.

ಧಾರವಾಡದಲ್ಲಿ ಭಾಷಾವಿಜ್ಞಾನ ಓದುವಾಗ ಮೇಷ್ಟ್ರು ಚೀಟಿ ಎತ್ತಿಸಿದರು. ನನಗೆ ವಿಯೆಟ್ನಾಮಿ ಬಂತು, ನಿನಗೆ ಅಮೆರಿಕದ ಮೂಲನಿವಾಸಿಗಳ ನವಾಹೊ. ಎರಡಕ್ಕೂ ನೆಂಟಸ್ತನವಿಲ್ಲ, ಆದರೆ ಎರಡರಲ್ಲೂ ದನಿ ಏರಿದರೆ ಇಳಿದರೆ ಅರ್ಥ ಬದಲಾಗುತ್ತದೆ. ಓದು ಮುಗಿದು ನಾನು ಅಂಗಡಿಯಲ್ಲಿ ಕೂತ ಮೇಲೆ ಅದೆಲ್ಲ ಮರೆತೇ ಹೋಗಿತ್ತು. ನೀನು ಮೇಷ್ಟ್ರಾಗಿ ಈ ಊರಿಗೆ ಬಂದು ನಮ್ಮ ಮಾಳಿಗೆಯ ಕೋಣೆಯಲ್ಲಿದ್ದ ಆ ಎಂಟು ತಿಂಗಳು ಮತ್ತೆ ಶುರುವಾಯಿತು. ಮನೆಯಲ್ಲಿ ಬಿದ್ದಿದ್ದ ಮದುವೆ ಪತ್ರಿಕೆಗಳ ಬೆನ್ನ ಮೇಲೆ ಒಂದೊಂದು ಶಬ್ದ ಬರೆದು ಚೀಟಿ ಮಾಡಿಕೊಂಡು ಭಾನುವಾರ ಸೈಕಲ್ ಹತ್ತಿ ಕೋಗಳಿಗೆ ಹೋಗುತ್ತಿದ್ದೆವು. ಬಸದಿಯ ಕಟ್ಟೆಯ ಮೇಲೆ ಕೂತು ನಾನು ‘ಮಾ’ ಎಂಬುದನ್ನು ಆರು ದನಿಯಲ್ಲಿ ಕೂಗುತ್ತಿದ್ದೆ: ದೆವ್ವ, ತಾಯಿ, ಆದರೆ, ಗೋರಿ, ಕುದುರೆ, ಭತ್ತದ ಸಸಿ. ಕುರಿ ಕಾಯುವ ಸುಂಕಮ್ಮ ನಿಂತು ನೋಡಿ, “ಯಾವ ದೇವ್ರ ಮಂತ್ರನ್ರಿ ಇದು? ಕುರಿ ಬೆದ್ರಾಕತ್ತಾವು” ಅಂದಿದ್ದಳು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಿನ್ನ ನವಾಹೊ ಸಲೀಸಾದದ್ದಲ್ಲ. ‘ಕೊಡು’ ಅನ್ನಬೇಕಾದರೆ ಕೊಡುವ ವಸ್ತು ಗುಂಡಗಿದೆಯೋ, ಉದ್ದಗಿದೆಯೋ, ಬಟ್ಟೆಯಂತೆ ಮೆತ್ತಗಿದೆಯೋ ನೋಡಿ ಕ್ರಿಯಾಪದವನ್ನೇ ಬದಲಿಸಬೇಕು. ನನ್ನದರಲ್ಲಿ ಕ್ರಿಯಾಪದಕ್ಕೆ ಆ ಗೊಡವೆಯಿಲ್ಲ; ವಸ್ತುವಿನ ಹೆಸರಿಗೆ ಮುಂಚೆ ಒಂದು ಸಣ್ಣ ಶಬ್ದ ಇಟ್ಟರೆ ಮುಗಿಯಿತು. ಆದರೆ ಅಲ್ಲಿ ಬಾಯಿ ತೆರೆಯಬೇಕಾದರೆ ಎದುರಿನವರನ್ನು ಅಣ್ಣನೋ ತಮ್ಮನೋ ಚಿಕ್ಕಪ್ಪನೋ ಮಾಡಿಕೊಳ್ಳಲೇಬೇಕು. “ನಿಂದು ಚಲೋ ಐತಿ ಬಿಡಲೇ, ಸಂತಿಗೆ ಹೋಗಿ ಬರೋದ್ರಾಗ ಊರೆಲ್ಲಾ ಬಳಗ” ಎಂದು ನೀನು ನನ್ನನ್ನು ಛೇಡಿಸುತ್ತಿದ್ದೆ.

ಕುಲದ ಚೀಟಿಯನ್ನು ಓದಿದ ದಿನ ಮಾತ್ರ ನೀನು ನಗಲಿಲ್ಲ. ನವಾಹೊ ಜನ ಭೇಟಿಯಾದ ಕೂಡಲೇ ತಾಯಿಯ ಕುಲ ಯಾವುದು, ತಂದೆಯ ಕುಲ ಯಾವುದು ಎಂದು ಹೇಳಿಕೊಳ್ಳುತ್ತಾರೆ. ಅದನ್ನು ಓದಿ ನೀನು, “ಅವ್ರು ಬಳಗ ಹುಡುಕಾಕ ಕೇಳ್ತಾರ. ನಮ್ಮಾಗ ಎಷ್ಟು ದೂರ ಕುಂದ್ರಸ್ಬೇಕು ಅಂತ ಕೇಳ್ತಾರ” ಅಂದೆ. ಆಮೇಲೆ, “ನಿಮ್ಮವ್ವ ಒಬ್ರು ಬ್ಯಾರೆ ನೋಡು. ಎಲ್ಲಾ ಗೊತ್ತಿದ್ದು ಕರ್ದು ಉಣ್ಣಾಕ ಹಾಕ್ತಾರ” ಅಂದೆ. ನಾನು ತಲೆ ತಗ್ಗಿಸಿ ಚೀಟಿ ಜೋಡಿಸುತ್ತ ಕೂತೆ.

ಮರುವಾರವೇ ನಿನ್ನ ತಾಯಿ ಮಾಳಮ್ಮ ನಿನ್ನನ್ನು ನೋಡಲು ಬಂದರು. ನಮ್ಮವ್ವ ನಾಗಲಿಂಗಮ್ಮ ಅವರನ್ನು ಅಡುಗೆಮನೆಗೇ ಕರೆದು ಕೂರಿಸಿದಳು. ರೊಟ್ಟಿ ಬಡಿಯುತ್ತ, “ನಿಮ್ಮ ಮನಿ ಅಯ್ಯನೋರು ಯಾವ ಮಠದವ್ರು ಯಕ್ಕಾ?” ಎಂದು ಕೇಳಿದಳು. “ನಮಗ್ಯಾವ ಮಠ ತಾಯಿ, ನಾವು ಕೇರಿ ಮಂದಿ” ಎಂದು ಮಾಳಮ್ಮ ನಗುತ್ತಲೇ ಹೇಳಿದರು. ಅವ್ವನ ಕೈ ನಿಂತಿತು. ಅವರ ಮುಂದಿದ್ದ ನೀರಿನ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ಹೋದವಳು ಒಳಗೆ ಬರಲೇ ಇಲ್ಲ. ನೀನು ಅವತ್ತೇ ಟ್ರಂಕು ಇಳಿಸಿದೆ. ಮೆಟ್ಟಿಲ ಬುಡದಲ್ಲಿ ನಿಂತು, “ಎಂಟ್ ತಿಂಗಳು ಗೊತ್ತಿದ್ದು ಉಣ್ಸಿ, ನಮ್ಮವ್ವ ಬಂದ ದಿನ ಹಿಂಗ ಮಾಡಿದ್ರಲ್ಲ” ಅಂದೆ. ಬಸ್ ನಿಲ್ದಾಣದವರೆಗೆ ನಿಮ್ಮ ಹಿಂದೆ ಬಂದವನು ನಾನು ಒಂದು ಮಾತೂ ಆಡಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನ ಕೊನೆಯ ಕಾಗದದಲ್ಲೂ ಅದನ್ನೇ ಕೇಳಿದ್ದೆ: ನಿಮ್ಮವ್ವ ಅಷ್ಟು ದಿನ ಯಾಕೆ ನಾಟಕ ಮಾಡಿದರು? ಅದಕ್ಕೆ ಉತ್ತರ ಕೊಡಬೇಕಾದವನು ನಾನೇ. ಆರು ವರ್ಷ ಮುಂದೂಡಿದೆ.

ಚೀಟಿಗಳನ್ನು ಕಳಿಸಲು ಮನಸ್ಸಾಗದಿದ್ದರೆ ಬಲವಂತವಿಲ್ಲ. ಪತ್ರಿಕೆಯವರಿಗೆ ಆಗುವುದಿಲ್ಲವೆಂದು ಬರೆದುಬಿಡುತ್ತೇನೆ. ನಿನ್ನ ಮನೆಯಾಕೆ ರಮಾ ಅವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಮಗಳು ಹುಟ್ಟಿದ ಸುದ್ದಿ ನಮ್ಮ ಜೊತೆ ಓದಿದ ಪಾಲಾಕ್ಷಪ್ಪ ಹೇಳಿದ. ಕೂಸು ನೂರು ವರ್ಷ ಬಾಳಲಿ, ಅಪ್ಪನ ಹಾಗೆ ಮುಖಕ್ಕೆ ಹೊಡೆದಂತೆ ಮಾತಾಡುವ ಹುಡುಗಿಯಾಗಲಿ.

ಇಂತು ನಿನ್ನ,
ಗುರುಸಂಗಪ್ಪ

ತಾ.ಕ.: ಮೇಲೆ ಬರೆದದ್ದೆಲ್ಲ ನಿಜ, ಆದರೆ ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಅವ್ವ ನಾಟಕ ಮಾಡಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ನೀನು ಬರುವ ಹಿಂದಿನ ದಿನ ಅವಳು, “ಯಾವ ಪೈಕಿ?” ಎಂದು ಕೇಳಿದಳು. ನಾನು, “ನಮ್ಮವ್ರೇ ಅವ್ವಾ” ಅಂದೆ. ಆಮೇಲೆ ನಿನ್ನ ಕೊರಳಲ್ಲಿ ಲಿಂಗ ಕಾಣಲಿಲ್ಲವೆಂದಾಗ, “ಓದಿದವ್ರು, ಬಿಟ್ಟಾರ” ಅಂದೆ. ನಿನಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆತ್ತವರನ್ನು ಮರೆಮಾಚಿದೆ, ಕೋಗಳಿಯಲ್ಲಿ ನೀನು ಅವ್ವನನ್ನು ಹೊಗಳಿದಾಗಲೂ ಬಾಯಿ ಬಿಡಲಿಲ್ಲ. ನೀನು ಅವಳನ್ನು ಏನೆಂದು ತಿಳಿದು ಹೋದೆ ಎಂಬುದನ್ನು ಹೋದ ವಾರ ಅವಳಿಗೆ ಹೇಳಿದೆ. “ತಂಬಿಗಿ ಎತ್ತಿದ್ದು ತಪ್ಪ ಐತಿ, ಅದು ನಂದು” ಅಂದಳು. “ನೀ ಮೊದ್ಲ ಖರೆ ಹೇಳಿದ್ರ ಮನಿ ಕೊಡ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ಲ. ಗೊತ್ತಾಗಾಕ ನೀ ಬಿಡಲಿಲ್ಲ.” ಸೋಮಪ್ಪ, ಇಷ್ಟನ್ನು ಮಾಳಮ್ಮನವರಿಗೆ ಓದಿ ಹೇಳು. ಅವರ ಮಾತಿನಿಂದ ನಿನಗೆ ಮನೆ ತಪ್ಪಿತೆಂದು ಅವರು ಅಂದುಕೊಂಡಿರಬಹುದು. ಆ ಎಂಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಆ ವಿಷಯದ ನಿಜ ಹೇಳಿದವರು ಅವರೊಬ್ಬರೇ.