ಗಾಳಿ ಹಾಕುವ ಕೈ

ವನಿತಕ್ಕಾ,

ಹಾರ್ಮೋನಿಯಮ್ ಅಟ್ಟದಿಂದ ಇಳಿಸಿದ್ದೇನೆ. ಹಾಸಿಗೆ ಹಿಡಿದ ಆಯಿಗೆ ಭಜನೆ ಕೇಳಬೇಕಂತೆ. ಬೆಳಿಗ್ಗೆ ಅಕ್ಕಿ ಬೇಯಲಿಟ್ಟು, ಹೊನ್ನಾವರದ ಬಸ್ಸಿಗೆ ಓಡುವ ಮುಂಚೆ ಒಂದಿಷ್ಟು ಹೊತ್ತು ಕೂರುತ್ತೇನೆ. ಬಲಗೈಗೆ ಹಾಡು ಇನ್ನೂ ನೆನಪಿದೆ. ಎಡಗೈಗೆ ನೆನಪಿಸಿಕೊಳ್ಳಲು ಏನೂ ಇಲ್ಲ. ಚಿಕ್ಕಂದಿನಲ್ಲಿ ಎದುರು ಕೂತು ಗಾಳಿ ಹಾಕುತ್ತಿದ್ದವಳು ನೀನು. ನನಗೆ ಅದನ್ನು ಕಲಿಯಲು ಬಿಟ್ಟೆಯಾ?

ಇವತ್ತೂ ಎಡಗೈ ನಿಂತುಹೋಯಿತು, ಸ್ವರ ಉಡುಗಿತು. ಒಳಗಿನಿಂದ ಆಯಿ ಕೂಗಿದಳು.

"ವನಿತಾ, ಬಂದ್ಯನೇ? ಎಂತಕ್ಕೆ ನಿಲ್ಸಿದ್ದೆ? ತಂಗಿ ಬಾರಿಸ್ತಾ ಇದ್ಲಲ್ಲೇ, ಗಾಳಿ ಹಾಕು."

ನೀನು ತೀರಿಕೊಂಡದ್ದನ್ನು ಅವಳಿಗೆ ಹೇಳಲು ನಮಗೆ ಇನ್ನೂ ಬಾಯಿ ಬಂದಿಲ್ಲ. ಕೇಳಿದಾಗಲೆಲ್ಲ ಧಾರೇಶ್ವರದಲ್ಲಿ ಗಂಡನ ಮನೆಯಲ್ಲಿದ್ದಾಳೆ ಎನ್ನುತ್ತೇವೆ.

ಗಾಬರಿಯಲ್ಲಿ ಎರಡೂ ಕೈಯಿಂದ ತಿದಿ ಒತ್ತಿದೆ. ಬುಸುಬುಸು ಗಾಳಿಯ ಸದ್ದು ಮಾತ್ರ ಬಂತು.

"ಹಾಂ, ಆತು," ಎಂದಳು ಆಯಿ. ಸ್ವರ ಕೇಳಿಸದೆ ಮತ್ತೆ ಕೂಗಿದಳು, "ತಂಗಿ ಎಲ್ಲಿ ಹೋದ್ಲೇ, ವನಿತಾ?"

ಅದಕ್ಕೆ ಉತ್ತರ ನೀನೇ ಕೊಡಬೇಕಿತ್ತು ಅಕ್ಕಾ. ನಾನು ಬಾಯಿ ಬಿಟ್ಟರೆ ನನ್ನ ದನಿ ಗೊತ್ತಾಗಿಬಿಡುತ್ತಿತ್ತು. ಗಾಳಿ ಹಾಕುತ್ತಲೇ ಇದ್ದೆ, ಅನ್ನ ಸೀದ ವಾಸನೆ ಬಂದರೂ, ಬಸ್ಸು ಹೋದ ಮೇಲೂ.