ಖಾಲಿ ಮುಖ

ಶನಿವಾರ, ಮಧ್ಯಾಹ್ನ

ಅಕ್ಕಾ,

ಹೇಗಿದ್ದೀಯ ಎಂದು ಕೇಳಿ ಶುರು ಮಾಡಬೇಕು, ಗೊತ್ತು. ಇವತ್ತು ಅಷ್ಟೂ ತಾಳ್ಮೆಯಿಲ್ಲ. ನೀನು ಬಂದು ನನ್ನ ಮಗಳನ್ನು ನಿನ್ನ ಮನೆಗೆ ಕರೆದುಕೊಂಡು ಹೋಗಬೇಕು. ವಾರ ಹತ್ತು ದಿನದ ಮಟ್ಟಿಗಲ್ಲ. ಅವಳು ನನ್ನ ಹತ್ತಿರ ಬೆಳೆಯುವುದು ಅವಳಿಗೇ ಒಳ್ಳೆಯದಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿದೆ. ನಗಬೇಡ. ನೀನು ಮೊದಲು ನಕ್ಕು ಆಮೇಲೆ ವಿಷಯ ಕೇಳುವವಳು, ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ನಿನ್ನ ಸಲೂನಿನ ಡ್ರೈಯರ್ ಗದ್ದಲದಲ್ಲಿ ಇದನ್ನೆಲ್ಲ ಕೂಗಿ ಹೇಳುವ ಶಕ್ತಿ ನನಗಿಲ್ಲ.

ನನ್ನ ಕೆಲಸದ ಬಗ್ಗೆ ನೀನು ಗಿರಾಕಿಗಳಿಗೆ ಏನು ಹೇಳುತ್ತೀಯ ಎಂದು ನನಗೆ ಗೊತ್ತು. ಮಕ್ಕಳು ಅಳುವುದನ್ನು ನೋಡುತ್ತಾ ಕೂತರೆ ನಮ್ಮ ತಂಗಿಗೆ ಸಂಬಳ ಕೊಡುತ್ತಾರೆ ಅನ್ನುತ್ತೀಯಂತೆ. ಸುಳ್ಳಲ್ಲ ಬಿಡು. ಆದರೆ ನಮ್ಮ ಸಂಶೋಧನಾ ಕೇಂದ್ರದ ಆ ಕೋಣೆಯಲ್ಲಿ ನಡೆಯುವುದನ್ನು ನಿನಗೆ ಯಾವತ್ತೂ ನೆಟ್ಟಗೆ ಹೇಳಿಲ್ಲ. ಹೇಳದಿದ್ದರೆ ನನ್ನ ಹೆದರಿಕೆ ನಿನಗೆ ಅರ್ಥವಾಗುವುದಿಲ್ಲ.

ಗೋಡೆಗೆಲ್ಲ ಮೆತ್ತೆ ಹೊದಿಸಿದ ಸಣ್ಣ ಕೋಣೆ. ತಾಯಿಗೊಂದು ಸ್ಟೂಲು, ಮಗುವಿಗೆ ಬೆಲ್ಟು ಇರುವ ಎತ್ತರದ ಕುರ್ಚಿ, ಎದುರುಬದುರು. ಒಂದು ಕ್ಯಾಮೆರಾ ಮಗುವಿನ ಮೇಲೆ, ಇನ್ನೊಂದು ತಾಯಿಯ ಮೇಲೆ. ಮೊದಲು ತಾಯಿ ಮನೆಯಲ್ಲಿ ಆಡಿಸುವ ಹಾಗೇ ಮಗುವನ್ನು ಆಡಿಸುತ್ತಾಳೆ. ಆಮೇಲೆ ಎರಡೇ ನಿಮಿಷ ಮುಖದಲ್ಲಿ ಏನೂ ಇಲ್ಲದಂತೆ ಮಗುವನ್ನು ನೋಡುತ್ತಾ ಕೂರಬೇಕು. ನಗುವಂತಿಲ್ಲ, ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ. ಇದಕ್ಕೆ ನಾವು ಖಾಲಿ ಮುಖ ಅನ್ನುತ್ತೇವೆ. ಅದು ಮುಗಿದ ಕೂಡಲೇ ತಾಯಿ ಮರಳಿ ಬರುತ್ತಾಳೆ, ಅಂದರೆ ನಗುತ್ತಾಳೆ, ಮಾತಾಡಿಸುತ್ತಾಳೆ, ಎತ್ತಿಕೊಳ್ಳುತ್ತಾಳೆ. ಈ ಮೂರನೆಯ ಭಾಗವನ್ನು ತಪ್ಪಿಸಲೇಬೇಡಿ ಎಂದು ನಮ್ಮ ದೊಡ್ಡ ಮೇಡಂ ಬಂದ ತಾಯಂದಿರಿಗೆಲ್ಲ ಹೇಳುತ್ತಾರೆ. ಎಷ್ಟೇ ಪ್ರೀತಿಯ ತಾಯಿಯಾದರೂ ದಿನದ ಹೆಚ್ಚು ಹೊತ್ತು ಮಗುವಿನ ತಾಳ ತಪ್ಪುತ್ತಲೇ ಇರುತ್ತಾಳೆ, ತಪ್ಪಿದ್ದರಿಂದ ಮಗು ಕೆಡುವುದಿಲ್ಲ, ತಪ್ಪಿದ ಮೇಲೆ ತಾಯಿ ಮತ್ತೆ ಬಂದು ಸೇರಿಕೊಳ್ಳುತ್ತಾಳಲ್ಲ, ಅದರಿಂದಲೇ ಮಗು ಧೈರ್ಯ ಕಲಿಯುತ್ತದೆ ಎಂಬುದು ಅವರು ನಂಬಿದ ಸಂಶೋಧನೆ.

ಗಾಜಿನ ಈಚೆ ಕೂತು ಮಗುವಿನ ಮುಖಕ್ಕೆ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ನಮ್ಮ ಹತ್ತಿರ ಮೂರು ಪದಗಳಿವೆ. ಕರೆಯಿತು, ಅತ್ತಿತು, ಬಿಟ್ಟಿತು. ಖಾಲಿ ಮುಖ ಕಂಡ ಮಗು ಮೊದಲು ತಾಯಿಯನ್ನು ಕರೆಯುತ್ತದೆ. ನಗುತ್ತದೆ, ಕೇಕೆ ಹಾಕುತ್ತದೆ, ಕೈ ಚಾಚುತ್ತದೆ, ತನಗೆ ಬರುವ ಆಟವನ್ನೆಲ್ಲ ಆಡಿ ತೋರಿಸುತ್ತದೆ. ತಾಯಿ ಅದಕ್ಕೂ ಬಗ್ಗದಿದ್ದರೆ ಅಳುತ್ತದೆ. ಕೆಲವು ಮಕ್ಕಳು ಮುಖ ತಿರುಗಿಸಿ ತಮ್ಮ ಪಾಡಿಗೆ ತಾವು ಕೂತುಬಿಡುತ್ತವೆ. ಅದನ್ನೇ ಬಿಟ್ಟಿತು ಎಂದು ಬರೆಯುತ್ತೇವೆ. ಬಹಳ ಕಾಲ ಮನಸ್ಸು ಸರಿಯಿಲ್ಲದ ತಾಯಿಯ ಮಗು ಅಳದೆಯೇ ಬಿಟ್ಟುಬಿಡುವುದುಂಟು ಎಂದು ಎಲ್ಲೋ ಓದಿದ್ದೆ. ಓದದೇ ಇದ್ದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಹೊಸ ಕ್ಯಾಮೆರಾ ಬಂದಿತ್ತು. ಬರಬೇಕಿದ್ದ ತಾಯಿ ಕೈಕೊಟ್ಟಳು. ಮೇಡಂ ನನ್ನ ಕಡೆ ತಿರುಗಿ, ನಿನ್ನ ಮಗಳು ಕೆಳಗಿನ ಶಿಶುಕೋಣೆಯಲ್ಲೇ ಇದ್ದಾಳಲ್ಲ, ಕ್ಯಾಮೆರಾ ಸರಿಯಾಗಿ ಕೂತಿದೆಯೇ ನೋಡೋಣ, ಸುಮ್ಮನೆ ಒಂದು ಸಲ ಕೂತು ತೋರಿಸು ಅಂದರು. ನನಗೆ ಖುಷಿಯೇ ಆಯಿತು ಅನ್ನು. ನಮ್ಮ ಗುಂಡಿ ಎಷ್ಟು ಬಾಯಿಬಡುಕಿ ಎಂದು ಎಲ್ಲರೂ ನೋಡಲಿ ಎಂಬ ಜಂಬ. ಅಂಗಿಯ ಗುಂಡಿಯಂಥ ಮೂಗು ನೋಡಿ ಆ ಹೆಸರಿಟ್ಟವಳು ನೀನು, ಈಗ ಕಚೇರಿಯಲ್ಲೂ ಅದೇ ಹೆಸರು.

ಆಡಿಸಿದೆ. ಆಮೇಲೆ ಮೇಡಂ ಗಾಜು ತಟ್ಟಿದರು, ನಾನು ಮುಖ ಖಾಲಿ ಮಾಡಿದೆ.

ಅವಳು ಕರೆಯಲಿಲ್ಲ ಅಕ್ಕಾ. ಒಂದು ಕ್ಷಣ ನನ್ನನ್ನು ನೋಡಿದಳು, ಅಷ್ಟೇ. ಏನೂ ವಿಶೇಷ ನಡೆದಿಲ್ಲ ಎನ್ನುವ ಹಾಗೆ ಮುಖವನ್ನು ಕುರ್ಚಿಯ ಪಕ್ಕಕ್ಕೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಓರೆಗಣ್ಣಿನಿಂದ ಇಣುಕಿದಳು. ನಾನು ಹಾಗೇ ಇದ್ದೆ. ಮತ್ತೆ ತಿರುಗಿ ಮುಚ್ಚಿಕೊಂಡಳು, ಬಾಯಿಗೆ ಮುಷ್ಟಿ ತುರುಕಿಕೊಂಡಳು. ಹೀಗೇ ನಡೆಯಿತು. ಕೊನೆಕೊನೆಗೆ ಇಣುಕುವುದನ್ನೂ ಬಿಟ್ಟು ಬೆಲ್ಟಿನ ತುದಿ ನೋಡುತ್ತಾ ಕೂತಳು. ಒಂಬತ್ತು ತಿಂಗಳ ಕೂಸು, ಒಂದು ಚೂರೂ ಅಳಲಿಲ್ಲ. ಈ ಮುಖ ಅವಳಿಗೆ ಹೊಸದಲ್ಲ ಎಂದು ಅಲ್ಲೇ ಹೊಳೆದುಹೋಯಿತು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಆ ವಿಡಿಯೋ ಹಾಕಿಕೊಂಡು ಕೂತೆ. ಬೇರೆಯವರ ಮಗು ಅಂದುಕೊಂಡು ಗುರುತು ಹಾಕಿದೆ. ಬಿಟ್ಟಿತು, ಬಿಟ್ಟಿತು, ಬಿಟ್ಟಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಮೇಲಿದ್ದ ಕ್ಯಾಮೆರಾದ ಚಿತ್ರವನ್ನೂ ತೆರೆದೆ. ಆಟ ಮುಗಿದು ಖಾಲಿ ಮುಖ ಶುರುವಾಗುವ ಕ್ಷಣಕ್ಕೆ ಒಂದು ಗೆರೆ ಎಳೆಯಬೇಕು, ಅದು ನಮ್ಮ ಪದ್ಧತಿ. ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದೆ. ಆ ಗೆರೆ ಎಳೆಯುವ ಜಾಗವೇ ಸಿಗಲಿಲ್ಲ. ಗುಂಡಿಯನ್ನು ಆಡಿಸುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದಾಗಲೂ ಪರದೆಯ ಮೇಲೆ ಅದೇ ಮುಖವಿತ್ತು. ಬಾಯಿ ಆಡುತ್ತಿತ್ತು, ಮುಖ ಆಡುತ್ತಿರಲಿಲ್ಲ. ಇದೇ ಮುಖ ಹೊತ್ತುಕೊಂಡು ಎಷ್ಟು ದಿನದಿಂದ ಮನೆಯಲ್ಲಿ ಓಡಾಡುತ್ತಿದ್ದೇನೋ.

ಮೇಡಂ ಒಳ್ಳೆಯವರು. ಒಂದು ವಿಡಿಯೋ ನೋಡಿ ಒಂದು ಮಗುವಿನ ಬಗ್ಗೆ ಏನೂ ಹೇಳಲಾಗದು, ನೂರಾರು ಮಕ್ಕಳನ್ನು ನೋಡಿ ಹೇಳುವ ಮಾತುಗಳಿವು, ನಿನಗೇ ಗೊತ್ತಲ್ಲ ಅಂದರು. ಅಂದು, ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಒಬ್ಬ ಡಾಕ್ಟರನ್ನು ಕಾಣು ಎಂದೂ ಹೇಳಿದರು. ಮಗುವಿಗಾ ಎಂದು ಕೇಳಿದೆ. ಅಲ್ಲ, ನಿನಗೆ ಅಂದರು. ಮನೆಯಲ್ಲಿ ಇವರಿಗೆ ಹೇಳಿದರೆ, ಬಸ್ ಓಡಿಸಿ ದಣಿದು ಬಂದವರು, ನಿನಗೆ ಓದು ಹೆಚ್ಚಾಯಿತು ಎಂದು ಹೇಳಿ ಮಲಗಿದರು.

ಅವತ್ತಿನಿಂದ ನಾನು ಕನ್ನಡಿ ಮುಂದೆ ನಗುವುದನ್ನು ರೂಢಿ ಮಾಡುತ್ತಿದ್ದೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಗುಂಡಿಯ ಎದುರು ಹೋಗಿ ಹಲ್ಲು ಕಿರಿಯುತ್ತೇನೆ. ಅವಳು ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮನೆಯಲ್ಲೂ. ಸ್ನಾನದ ತೊಟ್ಟಿಯಲ್ಲೂ. ಅವಳಿಗೆ ನಾನು ಬೇಡವಾಗಿದ್ದೇನೆ. ನೀನು ಮೂರು ತಿಂಗಳು ಇಲ್ಲಿದ್ದಾಗ ಈ ಮನೆಯಲ್ಲಿ ಅವಳ ನಗು ಕೇಳುತ್ತಿತ್ತು. ನೀನು ಹೋಗಿ ಇನ್ನೂ ತಿಂಗಳು ತುಂಬಿಲ್ಲ, ನೋಡು ಹೇಗಾಯಿತು. ನಿನ್ನ ಮುಖದಲ್ಲಿ ಒಂದು ಗಳಿಗೆಗೆ ನೂರು ಚೇಷ್ಟೆ ಓಡುತ್ತವೆ. ಅವಳು ಆ ಮುಖದ ಎದುರು ಬೆಳೆಯಲಿ. ನಾನು ಭಾನುವಾರಗಳಂದು ಬಂದು ನೋಡುತ್ತೇನೆ, ಮುಂದಿನ ವಾರವೇ ಬಾ. ತಡವಾದಷ್ಟೂ ಅವಳಿಗೆ ಕೆಟ್ಟದು ಎಂದು ನನಗೆ ದಿಗಿಲು.

ನಿನ್ನನ್ನೇ ನೆಚ್ಚಿಕೊಂಡಿರುವ
ತಂಗಿ

ಇನ್ನೊಂದು ಮಾತು: ಬರೆಯಬಾರದು ಅಂದುಕೊಂಡಿದ್ದೆ. ಎರಡು ನಿಮಿಷ ಮುಗಿಯಿತೆಂದು ಮೇಡಂ ಗಾಜು ತಟ್ಟಿದಾಗ ನಾನು ಮರಳಿ ಬರಲಿಲ್ಲ. ನಗಲಿಲ್ಲ, ಎತ್ತಿಕೊಳ್ಳಲಿಲ್ಲ. ಎದ್ದು ಬಾಗಿಲು ತೆಗೆದು ಓಡಿಹೋದೆ. ಅವಳನ್ನು ಕುರ್ಚಿಯಿಂದ ಬಿಡಿಸಿದ್ದು ಹೊಸ ಕ್ಯಾಮೆರಾ ಕೂರಿಸಲು ಬಂದಿದ್ದವಳು. ಮೂರನೆಯ ಭಾಗ ನಡೆಯಲೇ ಇಲ್ಲ.

ಬುಧವಾರ, ಅಂಗಡಿ ತೆರೆಯುವ ಮುಂಚೆ

ನನ್ನ ಪೆದ್ದು ತಂಗೀ,

ನಿನ್ನ ಪತ್ರ ಕೈಗೆ ಬಂದಾಗ ಒಬ್ಬಾಕೆಯ ತಲೆಗೆ ಬಣ್ಣ ಹಚ್ಚಿ ಕೂರಿಸಿದ್ದೆ. ಓದುತ್ತಾ ನಿಂತುಬಿಟ್ಟೆ. ತೊಳೆಯುವ ಹೊತ್ತಿಗೆ ಆಕೆಯ ಕೂದಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕನ್ನಡಿ ನೋಡಿಕೊಂಡು ಆಕೆ ನನಗೆ ಮಾಡಿದ ಮಂಗಳಾರತಿಯನ್ನು ನಿನ್ನ ಲೆಕ್ಕಕ್ಕೆ ಬರೆದಿಟ್ಟಿದ್ದೇನೆ.

ನಗಬೇಡ ಅಂದಿದ್ದೆ. ಗುಂಡಿ ಕಣ್ಣು ಮುಚ್ಚಿಕೊಂಡ ಜಾಗ ಬರುವ ತನಕ ನಗಲಿಲ್ಲ. ಅಲ್ಲಿ ನಕ್ಕೆ, ಆಮೇಲೆ ಅದೇ ಜಾಗದಲ್ಲಿ ಅಳು ಬಂತು. ಲೇ, ಅವಳು ಆಡುತ್ತಿದ್ದಾಳೆ ಕಣೇ. ಅದು ಕಲ್ಲಾಟ.

ಅಂಗಡಿಗೆ ಬರುವ ಮಕ್ಕಳು ಅಲ್ಲಾಡದೆ ಕೂರಲಿ ಎಂದು ನಾನು ಮಾಡಿಕೊಂಡ ಆಟ ಅದು. ಮುಂಗೂದಲು ಕತ್ತರಿಸುವಾಗ ಕಣ್ಣು ಮುಚ್ಚಿಸಬೇಕಲ್ಲ. ಕಲ್ಲಾಗು ಅಂದರೆ ಕಲ್ಲಾಗುತ್ತವೆ, ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ನನ್ನ ಕೋತಿ ಮುಖ. ನಿನ್ನ ಮನೆಯಲ್ಲಿ ಅದನ್ನೇ ತಿರುಗಿಸಿ ಗುಂಡಿಯ ಜೊತೆ ಆಡಿದೆ. ನಾನು ಕಲ್ಲಾಗುತ್ತಿದ್ದೆ. ಅವಳು ಆ ಕಡೆ ತಿರುಗಿ ಕಣ್ಣು ಬಿಗಿಯಾಗಿ ಮುಚ್ಚಬೇಕು. ಇಣುಕಿದ ಕೂಡಲೇ ಕಲ್ಲಿಗೆ ಜೀವ ಬಂದು ಅವಳ ಹೊಟ್ಟೆಗೆ ಕಚಗುಳಿ ಇಡುತ್ತದೆ. ನೀನು ಕೆಲಸಕ್ಕೆ ಹೋದ ಮೇಲೆ ಬೆಳಿಗ್ಗೆ ಸಂಜೆ ಇದೇ ನಮ್ಮ ಉದ್ಯೋಗ. ಅವಳು ನಕ್ಕು ನಕ್ಕು ಬಿಕ್ಕಳಿಸುವಷ್ಟು ಆಡಿದ್ದೇವೆ. ನಿಮ್ಮ ಮೂರು ಪದಗಳಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಇನ್ನೊಂದು ಪದ ಸೇರಿಸಿಕೊಳ್ಳಿ. ಕಾಯಿತು ಎಂದು ಬರೆಯಿರಿ. ಮುಷ್ಟಿ ಬಾಯಿಗೆ ತುರುಕಿದ್ದು ಹಲ್ಲು ಬರುತ್ತಿರುವುದಕ್ಕೆ. ಅದಕ್ಕೂ ಸಂಶೋಧನೆ ಮಾಡಬೇಡ.

ಮನೆಯಲ್ಲೂ ಕಣ್ಣು ಮುಚ್ಚುತ್ತಾಳೆ, ಅವಳಿಗೆ ನಾನು ಬೇಡವಾಗಿದ್ದೇನೆ ಎಂದು ಬರೆದಿದ್ದೀಯ. ಬೇಡವಾದವರ ಜೊತೆ ಯಾವ ಮಗು ಆಟ ಹೂಡುತ್ತದೆ? ಮಂಗಳವಾರ ಶುರುವಾದ ಆಟ ಅವಳ ಪಾಲಿಗೆ ಇನ್ನೂ ಮುಗಿದಿಲ್ಲ. ನೀನು ಓಡಿಹೋದೆ ನೋಡು, ಕಲ್ಲು ಏಳಲೇ ಇಲ್ಲ. ಏಳಲಿ ಎಂದು ದಿನಾ ಕರೆಯುತ್ತಿದ್ದಾಳೆ. ಈ ಪತ್ರವನ್ನು ಮೇಜಿನ ಮೇಲಿಟ್ಟು ಅವಳ ಎದುರು ಹೋಗಿ ಕೂತುಕೋ. ಕಣ್ಣು ಮುಚ್ಚಲಿ, ಇಣುಕಲಿ. ಇಣುಕಿದಾಗ ಏಳು. ಚೆನ್ನಾಗಿ ನಗಬೇಕೆಂದೇನಿಲ್ಲ, ಅಳುತ್ತಾ ಎದ್ದರೂ ನಡೆಯುತ್ತದೆ. ಕಲ್ಲು ಎದ್ದರೆ ಸಾಕು ಅವಳಿಗೆ.

ಆದರೆ ಕೊನೆಗೆ ಇಣುಕುವುದನ್ನೂ ಬಿಟ್ಟಳು ಎಂದು ಬರೆದಿದ್ದೀಯಲ್ಲ, ಅದು ಆಟವಲ್ಲ. ಗೆರೆ ಎಳೆಯುವ ಜಾಗ ನಿನ್ನ ಮುಖದಲ್ಲಿ ಸಿಗಲಿಲ್ಲ ಅಂದದ್ದಕ್ಕೂ ನಾನು ತಮಾಷೆ ಮಾಡುವುದಿಲ್ಲ. ಹುಟ್ಟಾ ನೀನು ಹೀಗಲ್ಲ. ಚಿಕ್ಕವಳಿದ್ದಾಗ ನೀನು ಕದ್ದ ಸಕ್ಕರೆಯ ಲೆಕ್ಕವನ್ನು ಅಮ್ಮ ನಿನ್ನ ಮುಖ ನೋಡಿಯೇ ಹೇಳುತ್ತಿದ್ದಳು. ಆ ಮುಖ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಹೆರಿಗೆಯಾದ ಮೇಲೆ ಹೀಗಾಗುವುದುಂಟು, ಔಷಧಿಯೂ ಇದೆ ಎಂದು ನನ್ನ ಗಿರಾಕಿಯೊಬ್ಬಳು, ಆಸ್ಪತ್ರೆಯ ನರ್ಸ್, ಹೇಳಿದಳು. ನಿಮ್ಮ ಮೇಡಂ ಹೇಳಿದ್ದು ಸರಿ. ನಿನಗೆ ಡಾಕ್ಟರು ಬೇಕು, ಗುಂಡಿಗೆ ಅಲ್ಲ.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಂಗಡಿಗೆ ಬೀಗ. ಗುಂಡಿಯನ್ನು ಕರೆದುಕೊಂಡು ಹೋಗಲು ಅಲ್ಲ, ಆ ಮಾತು ಇನ್ನೊಂದು ಸಲ ಬರೆದರೆ ನಿನ್ನ ತಲೆಗೂ ಬದನೆಕಾಯಿ ಬಣ್ಣ ಹಚ್ಚುತ್ತೇನೆ. ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಆಮೇಲೆ ನಿನ್ನ ಜೊತೆ ಇರಲು ಬರುತ್ತಿದ್ದೇನೆ. ನಿನ್ನ ಗಂಡನಿಗೆ ನಾನೇ ಹೇಳಿಕೊಳ್ಳುತ್ತೇನೆ, ಬಸ್ಸಿನಷ್ಟೇ ಗಮನವನ್ನು ಹೆಂಡತಿಯ ಮೇಲೂ ಇಡಬೇಕಪ್ಪಾ ಎಂದು. ಅಲ್ಲಿಯವರೆಗೆ ಆ ಹಾಳು ವಿಡಿಯೋ ಮುಟ್ಟಬೇಡ.

ಭಾನುವಾರ ನಿನ್ನ ಬಾಗಿಲು ತಟ್ಟಲಿರುವ
ಅಕ್ಕ

ಮರೆತದ್ದು: ಮರೆತದ್ದಲ್ಲ, ನೀನು ನಿನ್ನದನ್ನು ಹೇಳಿದೆ, ನಾನೂ ನನ್ನದನ್ನು ಹೇಳುತ್ತೇನೆ. ಆಟವನ್ನು ಅಂಗಡಿಯಿಂದ ತಂದೆ ಎಂದದ್ದು ಅರ್ಧ ನಿಜ. ನಾನು ನಿನ್ನ ಮನೆಗೆ ಬಂದ ಮೊದಲ ವಾರ. ಪೇಟೆಯಿಂದ ಬಂದಾಗ ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಹಾಲಿನ ಬಾಟಲಿ ಹಿಡಿದು ಕೂತಿದ್ದೆ. ಗುಂಡಿ ಎದುರಿನ ಚಾಪೆಯ ಮೇಲೆ ಮಲಗಿ ನಿನ್ನನ್ನು ಕೂಗುತ್ತಿದ್ದಳು. ನೀನು ಅವಳನ್ನೇ ನೋಡುತ್ತಿದ್ದೆ, ನೋಡುತ್ತಲೇ ಇದ್ದೆ. ಅವಳು ಕೂಗಿ ಕೂಗಿ ತಾನೇ ಸುಮ್ಮನಾದಳು. ಅದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ನಿನ್ನನ್ನು ಮಾತಾಡಿಸಲು ಹೆದರಿ ಮಗುವಿಗೆ ಹೇಳಿದೆ, ಅಮ್ಮ ಕಲ್ಲಾಟ ಆಡುತ್ತಿದ್ದಾಳೆ, ಕಣ್ಣು ಮುಚ್ಚಿ ನೋಡು, ಈಗ ಏಳುತ್ತಾಳೆ ಎಂದು. ನೀನು ಏಳಲಿಲ್ಲ, ನಿನಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆ ಮಾತು ಸುಳ್ಳಾಗದಿರಲಿ ಎಂದು ನಿನ್ನ ಬದಲು ಮೂರು ತಿಂಗಳೂ ನಾನು ಎದ್ದೆ. ಆ ಆಟ ಶುರು ಮಾಡಿದವಳು ನೀನು, ಏಳುವುದನ್ನಷ್ಟೇ ನಾನು ಸೇರಿಸಿದ್ದು.